ರೆಪ್ಪೆಗೆ ಕತ್ತರಿ ಹಾಕಿಸುವ ಮುನ್ನ
ಊಟದ ಬಿಡುವಿನಲ್ಲೇ ಮುಗಿಯುವ ಕೆಲಸವೆಂಬಂತೆ ಕಣ್ರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಮಾರುವುದು ಮೋಸ. ಬ್ಲೆಫರೋಪ್ಲಾಸ್ಟಿ ಎಂದರೆ ಪಾರ್ಲರಿನ ಫೇಶಿಯಲ್ ಅಲ್ಲ. ಚರ್ಮವನ್ನು, ಕೆಲವೊಮ್ಮೆ ಕೊಬ್ಬನ್ನೂ ಕತ್ತರಿಸಿ ತೆಗೆಯುವ ಆಪರೇಷನ್. ಊತ, ನೀಲಿಗಟ್ಟಿದ ಕಲೆ ಇಳಿಯಲು ಒಂದೆರಡು ವಾರ ಬೇಕು. ಚರ್ಮ ಅತಿಯಾಗಿ ತೆಗೆದರೆ ಕಣ್ಣು ಪೂರ್ತಿ ಮುಚ್ಚದೆ ಒಣಗಿ ಉರಿಯುತ್ತದೆ. ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತಸ್ರಾವವಾಗಿ ದೃಷ್ಟಿಯೇ ಹೋಗಬಹುದು.

ರೆಪ್ಪೆ ಎತ್ತುವ ಸ್ನಾಯುವೇ ಸಡಿಲವಾಗಿದ್ದರೆ ಬರೀ ಚರ್ಮ ಕತ್ತರಿಸಿ ಫಲವಿಲ್ಲ. ಚರ್ಮದ ಬಣ್ಣದಿಂದಾದ ಕಪ್ಪು ವರ್ತುಲವೂ ಇದರಿಂದ ಹೋಗದು. ಇಷ್ಟನ್ನು ಬಿಡಿಸಿ ಹೇಳದ, ಒಣಕಣ್ಣು, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವಿಚಾರಿಸದ ಕ್ಲಿನಿಕ್ಕಿಗೆ ರೆಪ್ಪೆ ಒಪ್ಪಿಸಬಾರದು, ರಿಯಾಯಿತಿ ಎಷ್ಟೇ ಇರಲಿ. ಆಪರೇಷನ್ ಮಾಡುವವರು ಯಾರು, ಅಂದು ರಾತ್ರಿ ವಿಪರೀತ ನೋವಾಗಿ ಕಣ್ಣು ಮಂಜಾದರೆ ಫೋನ್ ಎತ್ತುವವರು ಯಾರು? ಎರಡಕ್ಕೂ ಉತ್ತರ ಸಿಗುವವರೆಗೆ ಮುಂಗಡ ಕಟ್ಟಬೇಡಿ.