ಸಂಶೋಧನೆಯೂ ಕೆಲಸವೇ

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬಂದು ಬಿ.ಇ. ಓದುವ ನಮ್ಮ ಮಾತೆಲ್ಲ ಕ್ಯಾಂಪಸ್ ಸಂದರ್ಶನದ ಬಗ್ಗೆಯೇ. ಸಂಶೋಧನೆಯೂ ದುಡಿಮೆಯ ದಾರಿ ಎಂದು ಯಾರೂ ಹೇಳುವುದಿಲ್ಲ.

ಬಿ.ಇ. ಮುಗಿಸಿ ಗೇಟ್ ಪಾಸಾದವರೂ ಕೇಂದ್ರದ ಅನುದಾನದ ಪ್ರಾಜೆಕ್ಟ್‌ಗಳಲ್ಲಿ ಜೆಆರ್‌ಎಫ್ ಆಗಬಹುದು. 2023ರ ಜನವರಿಯಿಂದ ಅದಕ್ಕೆ ತಿಂಗಳಿಗೆ 37,000 ರೂಪಾಯಿ. ಪಿಎಚ್‌.ಡಿ. ಮುಗಿಸಿದ ರಿಸರ್ಚ್ ಅಸೋಸಿಯೇಟ್‌ಗೆ ಕನಿಷ್ಠ 58,000.

ಆದರೆ ಪ್ರಾಧ್ಯಾಪಕರಿಗೆ ಪ್ರಾಜೆಕ್ಟ್ ಸಿಕ್ಕಲ್ಲಿ ಮಾತ್ರ ಈ ಹುದ್ದೆಗಳು ಹುಟ್ಟುತ್ತವೆ. ಅದು ಮುಗಿದರೆ ಕೆಲಸವೂ ಮುಗಿಯುತ್ತದೆ. ತೋಳಹುಣಸೆಯಲ್ಲಿ ನಮ್ಮದೇ ದಾವಣಗೆರೆ ವಿಶ್ವವಿದ್ಯಾಲಯ 2009ರಿಂದ ಇದೆ. 2023ರ ಕಾಯ್ದೆಯಡಿ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಹಣ ಇಂಥ ರಾಜ್ಯ ವಿಶ್ವವಿದ್ಯಾಲಯಗಳಿಗೂ ಹರಿಯಬೇಕು. ಇಲ್ಲದಿದ್ದರೆ ಬೆಂಗಳೂರಿನ ಬಾಡಿಗೆ ಕಟ್ಟಲಾಗದ ಮನೆಯ ಮಕ್ಕಳಿಗೆ ಸಂಶೋಧನೆ ದೂರದ ಮಾತಾಗಿಯೇ ಉಳಿಯುತ್ತದೆ.

ನಾವೂ ಸುಮ್ಮನೆ ಕೂರುವುದು ಬೇಡ. ವಿಭಾಗಕ್ಕೆ ಹೋಗಿ, ‘ಸರ್, ಪ್ರಾಜೆಕ್ಟ್ ಏನಾದರೂ ಇದೆಯಾ?’ ಎಂದು ಕೇಳೋಣ.