ಪಿಂಪ್ರಿಗೆ ಬಂದ ತವರಿನ ತಂಡ

ತವರಿನಿಂದ ಬಂದವರನ್ನು ಆದರಿಸುವುದರಲ್ಲಿ ಪುಣೆಯ ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ. ಯಕ್ಷಗಾನ ಮೇಳ ಬಂದರೆ ಸಭಾಗೃಹ ತುಂಬುತ್ತದೆ. ನಾಟಕದ ತಂಡ ಬಂದರೆ ಊಟ-ವಸತಿಯ ಹೊಣೆಯನ್ನು ಹೊಟೇಲು ಉದ್ಯಮಿಗಳು ತಾವಾಗಿಯೇ ಹೊತ್ತುಕೊಳ್ಳುತ್ತಾರೆ. ಸಾಹಿತಿಯಿರಲಿ, ಸ್ವಾಮೀಜಿಯಿರಲಿ, ಮಂತ್ರಿಯಿರಲಿ, ಶಾಲು-ಫಲಪುಷ್ಪ ಸದಾ ಸಿದ್ಧ. ಆದರೆ 2021ರ ಡಿಸೆಂಬರ್ 11ರಿಂದ 22ರವರೆಗೆ ಪಿಂಪ್ರಿಯ ನೆಹರೂ ನಗರದ ಮೇಜರ್ ಧ್ಯಾನ್‌ಚಂದ್ ಕ್ರೀಡಾಂಗಣದಲ್ಲಿ ಸೀನಿಯರ್ ಪುರುಷರ ರಾಷ್ಟ್ರೀಯ ಹಾಕಿ ಚಾಂಪಿಯನ್‌ಶಿಪ್ ನಡೆದಾಗ ಕರ್ನಾಟಕದ ತಂಡವೂ ಬಂದಿತ್ತು ಎಂಬುದು ಎಷ್ಟು ಸಂಘಗಳ ಪದಾಧಿಕಾರಿಗಳಿಗೆ ತಿಳಿದಿತ್ತು?

ಅವು ಸೋಂಕಿನ ದಿನಗಳು, ಮದುವೆ ಮನೆಗೂ ತಲೆ ಎಣಿಸಿ ಹೋಗುತ್ತಿದ್ದ ಕಾಲ ಎಂದು ಹೇಳಬಹುದು. ಮಾತು ಸುಳ್ಳಲ್ಲ. ಆದರೆ ಸೋಂಕು ಇಲ್ಲದ ವರ್ಷಗಳಲ್ಲಿಯೂ ಸಂಘಗಳ ವಾರ್ಷಿಕ ಕ್ರೀಡೋತ್ಸವದ ಕರಪತ್ರದಲ್ಲಿ ಕಾಣುವುದು ಕ್ರಿಕೆಟ್, ತ್ರೋಬಾಲ್, ಹಗ್ಗ ಜಗ್ಗಾಟ, ಮಕ್ಕಳಿಗೆ ನಿಂಬೆಹಣ್ಣು-ಚಮಚದ ಓಟ, ಇಷ್ಟೇ. ಹಾಕಿಯ ಹೆಸರು ಬರುವುದು ಒಲಿಂಪಿಕ್ ಪದಕ ಬಂದ ವಾರದಲ್ಲಿ ಮಾತ್ರ.

ಪಿಂಪ್ರಿಯಲ್ಲಿ ನಡೆದದ್ದನ್ನು 11ನೆಯ ಚಾಂಪಿಯನ್‌ಶಿಪ್ ಎಂದು ಕರೆದರೂ ಆ ಲೆಕ್ಕ ಹಾಕಿ ಇಂಡಿಯಾ ಸಂಸ್ಥೆ ಬಂದ ಮೇಲಿನದು. ಪ್ರಾಂತ್ಯ ಪ್ರಾಂತ್ಯಗಳ ನಡುವಿನ ಈ ಸ್ಪರ್ಧೆ ಹುಟ್ಟಿದ್ದು 1928ರಲ್ಲಿ, ಕಲ್ಕತ್ತಾದಲ್ಲಿ. ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್‌ಗೆ ತಂಡ ಆರಿಸಲು ಐದು ತಂಡಗಳನ್ನು ಕೂಡಿಸಿ ಆಡಿಸಿದರು. ಗೆದ್ದದ್ದು ಅಂದಿನ ಯುನೈಟೆಡ್ ಪ್ರಾವಿನ್ಸಸ್. ಆ ತಂಡದಲ್ಲಿದ್ದವರು ಧ್ಯಾನ್‌ಚಂದ್. ಬಳಿಕ ಹಡಗು ಹತ್ತಿದ ತಂಡ ದೇಶಕ್ಕೆ ಮೊದಲ ಹಾಕಿ ಚಿನ್ನ ತಂದಿತು. ರಂಗಸ್ವಾಮಿ ಕಪ್ ಎಂದರೆ ಹಳಬರಿಗೆ ಇಂದಿಗೂ ನೆನಪಾಗುವುದು ಇದೇ ಪಂದ್ಯಾವಳಿ. ತೊಂಬತ್ತಮೂರು ವರ್ಷಗಳ ಬಳಿಕ ಧ್ಯಾನ್‌ಚಂದರ ಹೆಸರಿನ ಮೈದಾನದಲ್ಲಿ ತಮಿಳುನಾಡನ್ನು ಸೋಲಿಸಿ ಗೆದ್ದದ್ದೂ ಅದೇ ಪ್ರಾಂತ್ಯ, ಉತ್ತರ ಪ್ರದೇಶ. ಕರ್ನಾಟಕಕ್ಕೆ ಫೈನಲ್ ಭಾಗ್ಯ ಇರಲಿಲ್ಲ.

ಸೋಲು-ಗೆಲುವಿನ ಮಾತು ಬೇರೆ. ಆ ಹುಡುಗರು ಯಾರು ಎಂಬುದನ್ನು ಸಂಘಗಳು ಗಮನಿಸಬೇಕು. ಹಿಂದೆ ಈ ಸ್ಪರ್ಧೆಯಲ್ಲಿ ರೈಲ್ವೆ, ಸರ್ವಿಸಸ್, ಏರ್ ಇಂಡಿಯಾ, ಪಂಜಾಬ್ ಅಂಡ್ ಸಿಂಧ್ ಬ್ಯಾಂಕ್ ಮುಂತಾದ ತಂಡಗಳೂ ರಾಜ್ಯಗಳ ಜೊತೆಗೇ ಆಡುತ್ತಿದ್ದವು. ಸಂಬಳ, ಬಡ್ತಿ, ಪಿಂಚಣಿ ಇರುವ ಆಟಗಾರರು ಅವರು. 2021ರಿಂದ ಇಲಾಖೆಗಳಿಗೆ ಬೇರೆಯೇ ಚಾಂಪಿಯನ್‌ಶಿಪ್ ಆಯಿತು. ರಾಜ್ಯದ ಜೆರ್ಸಿ ತೊಟ್ಟ ಹುಡುಗರಲ್ಲಿ ಕೆಲಸದ ದಾರಿ ಕಾಯುವವರು ಇರುತ್ತಾರೆ. ರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಒಂದು ಪ್ರಮಾಣಪತ್ರ ಕೈಯಲ್ಲಿದ್ದರೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಲು ಆಸರೆ. ಕೆನರಾ ಬ್ಯಾಂಕಿನ ಹಾಕಿ ತಂಡ ಬೆಂಗಳೂರಿನ ಮೈದಾನಗಳಲ್ಲಿ ಹೆಸರು ಮಾಡಿದ್ದು ಹೀಗೆ ಹುಡುಗರಿಗೆ ಕೌಂಟರಿನ ಹಿಂದೆ ಒಂದು ಕುರ್ಚಿ ಕೊಟ್ಟಿದ್ದರಿಂದ. ಕರಾವಳಿಯಲ್ಲಿ ಹುಟ್ಟಿದ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು 2019-20ರಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ನೌಕರಿಯ ಬಾಗಿಲುಗಳು ಕಿರಿದಾಗುತ್ತಿವೆ ಎನ್ನುವುದು ಬ್ಯಾಂಕಿನ ಒಳಗಿರುವವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇಂಥ ಹುಡುಗರು ದೂರದ ಊರಿನಲ್ಲಿ ಆಡುವಾಗ ಗ್ಯಾಲರಿಯಿಂದ ಕನ್ನಡದಲ್ಲಿ ಒಂದು ಕೂಗು ಕೇಳಿದರೆ ಅದರ ಬೆಲೆ ಶಾಲಿಗಿಂತ ಹೆಚ್ಚು. ಕೊಡಗಿನವರಿಗೆ ಇದು ಗೊತ್ತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಎಲ್ಲೆಲ್ಲಿಯೋ ನೌಕರಿಯಲ್ಲಿರುವವರು ರಜೆ ಹಾಕಿ ಊರಿಗೆ ಹೋಗುತ್ತಾರೆ. ಅಜ್ಜ, ಮಗ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದುಂಟು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಇವರೆಲ್ಲ ಆ ಪುಟ್ಟ ಜಿಲ್ಲೆಯ ಮಣ್ಣಿನವರು. ಪುಣೆಯಲ್ಲಿ ಕೊಡವ ಮನೆಗಳೂ ಇವೆ, ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ನಿಂತವರೂ ಇದ್ದಾರೆ. ಸಂಘಗಳ ಕ್ರೀಡಾ ಸಮಿತಿಗೆ ಅವರನ್ನು ಕರೆದು ಕೂರಿಸಿದರೆ ಅರ್ಧ ಕೆಲಸ ಆದಂತೆಯೇ.

ಇನ್ನರ್ಧ ಕೆಲಸ ಮಕ್ಕಳದ್ದು, ಅದೇ ಕಷ್ಟದ್ದು. ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ ಸ್ಟಿಕ್ ಹಿಡಿದು ಮುಂದೆ ಬಂದರೆ ಅವನು ತೊಡುವುದು ಮಹಾರಾಷ್ಟ್ರದ ಜೆರ್ಸಿ. ಕರ್ನಾಟಕದ ಎದುರು ಅವನೇ ಗೋಲು ಹೊಡೆದ ದಿನ ಸಂಘದವರು ಚಪ್ಪಾಳೆ ತಟ್ಟಬೇಕೇ, ಬೇಡವೇ? ನಗೆಯ ಪ್ರಶ್ನೆಯಂತೆ ಕಂಡರೂ ಹೊರನಾಡಿನವರ ಮನೆ ಮನೆಯಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳಿಬರುವ ಪ್ರಶ್ನೆಯೇ ಇದು. ಉತ್ತರಕ್ಕೆ ದೂರ ಹೋಗಬೇಕಿಲ್ಲ, ಖಡ್ಕಿಗೆ ಹೋದರೆ ಸಾಕು. ಅಲ್ಲಿನ ಮದ್ದುಗುಂಡು ಕಾರ್ಖಾನೆಯ ವಸತಿ ಕಾಲೊನಿಯಲ್ಲಿ, ತಮಿಳು ಮಾತನಾಡುವ ಬಡ ಮನೆಯಲ್ಲಿ 1968ರಲ್ಲಿ ಹುಟ್ಟಿದ ಧನರಾಜ್ ಪಿಳ್ಳೈ ಮುರಿದ ಸ್ಟಿಕ್ಕಿನಲ್ಲಿ ಆಟ ಕಲಿತರು. ನಾಲ್ಕು ಒಲಿಂಪಿಕ್, ನಾಲ್ಕು ವಿಶ್ವಕಪ್ ಆಡಿದರು. ಅವರ ನಾಯಕತ್ವದಲ್ಲಿ ಭಾರತ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು. ಪುಣೆ ಅವರನ್ನು ತನ್ನವರೆಂದಿತು, ತಮಿಳರೂ ತಮ್ಮವರೆಂದರು. ಯಾರಿಗೂ ನಷ್ಟವಾಗಲಿಲ್ಲ.

ಕನ್ನಡಿಗರಲ್ಲಿ ಅಂಥ ಹುಡುಗ ಇಲ್ಲವೆಂದು ಹೇಳುವವರು ಯಾರು? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಪಿಂಪ್ರಿ-ಚಿಂಚ್‌ವಾಡದಲ್ಲಿವೆ. ಆ ಮಕ್ಕಳು ಸಂಘಗಳ ಸ್ನೇಹಕೂಟಕ್ಕೆ ಬರುವುದು ಅಪರೂಪ, ಕರೆಯುವವರೂ ಅಪರೂಪ. ವಿದ್ಯಾರ್ಥಿವೇತನಕ್ಕೆ ಅಂಕಪಟ್ಟಿ ಕೇಳುವ ಸಂಘಗಳು ಅದೇ ನಿಧಿಯಲ್ಲಿ ವರ್ಷಕ್ಕೆ ನಾಲ್ಕು ಮಕ್ಕಳಿಗೆ ಸ್ಟಿಕ್, ಬೂಟು, ಪ್ಯಾಡ್ ಕೊಡಿಸಿ ತರಬೇತಿಗೆ ಸೇರಿಸಲು ಸಾಧ್ಯ. ಸಮಿತಿಯ ಒಂದು ಠರಾವು ಸಾಕು.

ಪಿಂಪ್ರಿ ದೂರ ಎಂಬ ಮಾತು ಈಗ ನಡೆಯುವುದಿಲ್ಲ. 2024ರ ಸೆಪ್ಟೆಂಬರಿನಿಂದ ಸ್ವಾರ್‌ಗೇಟ್‌ನಿಂದ ಪಿಂಪ್ರಿಯವರೆಗೆ ಮೆಟ್ರೊ ಓಡುತ್ತಿದೆ, ಅಲ್ಲಿಂದ ನೆಹರೂ ನಗರಕ್ಕೆ ರಿಕ್ಷಾ ಸಿಗುತ್ತದೆ. ಹದಿನೈದು ನಿಮಿಷದ ನಾಲ್ಕು ಅವಧಿಗಳ ಆಟ. ಒಂದು ಪಂದ್ಯ ನೋಡಿ ರಾತ್ರಿಯ ಊಟಕ್ಕೆ ಮನೆಗೆ ಮರಳಬಹುದು. ಮುಂದಿನ ಬಾರಿ ಪುಣೆಯಲ್ಲಿ ರಾಜ್ಯ ತಂಡಗಳ ಪಂದ್ಯಾವಳಿ ಗೊತ್ತಾದ ಕೂಡಲೇ ಕರ್ನಾಟಕದ ಪಂದ್ಯಗಳ ವೇಳಾಪಟ್ಟಿ ಸಂಘದ ಫಲಕದ ಮೇಲೆ ಬರಲಿ, ಮಹಾರಾಷ್ಟ್ರದ ಪಂದ್ಯಗಳದ್ದೂ ಅದರ ಕೆಳಗೆ ಬರಲಿ.