ಕರಾವಳಿಗೆ ಬರ ಇಲ್ಲ ಅಂದವರು ಯಾರು?



ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವನು ಬಿಜಾಪುರ ಕಡೆಯವನು. ಒಂದು ಏಪ್ರಿಲ್ ತಿಂಗಳಲ್ಲಿ ಊರಿಗೆ ಹೋಗಿ ಬಂದವನು ಅವನಿಗೆ ಹೇಳಿದೆ, ‘ನಮ್ಮಲ್ಲಿ ಬಾವಿ ಬತ್ತಿದೆ ಮಾರಾಯ, ಅಮ್ಮ ಗುಡ್ಡೆ ಇಳಿದು ಬೈಲಿನ ಬಾವಿಯಿಂದ ನೀರು ಹೊತ್ತುಕೊಂಡು ಹತ್ತುತ್ತಾಳೆ’ ಅಂತ. ಅವನು ಜೋರಾಗಿ ನಕ್ಕುಬಿಟ್ಟ. ‘ನಿಮ್ಮೂರಾಗ ಬರ ಏನೋ? ನಮಗ ವರ್ಷಪೂರ್ತಿ ಬೀಳೋ ಮಳಿ ನಿಮಗ ಹದಿನೈದು ದಿನಕ್ಕ ಬೀಳ್ತದಲ್ಲೋ!’

ಅವನು ಹೇಳಿದ್ದು ಸುಳ್ಳಲ್ಲ. ಬಿಜಾಪುರಕ್ಕೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ. ನಮ್ಮ ದಕ್ಷಿಣ ಕನ್ನಡ, ಉಡುಪಿಗೆ ಮೂರೂವರೆ ಸಾವಿರದಿಂದ ನಾಲ್ಕು ಸಾವಿರ. ಜುಲೈ ತಿಂಗಳೊಂದರಲ್ಲೇ ಸಾವಿರ ದಾಟುವುದುಂಟು. ಇದನ್ನು ಕೇಳಿದ ಮೇಲೆ ಕರಾವಳಿಯವನು ಬರ ಅಂತ ಬಾಯಿ ಬಿಟ್ಟರೆ ನಗು ಬರೋದು ಸಹಜ. ನನ್ನ ಗೆಳೆಯ ಮಾತ್ರ ಅಲ್ಲ, ಕಚೇರಿಯಲ್ಲಿ ಕೂತವರೂ ಹೀಗೇ ನಗುತ್ತಾರೆ. ಅವರ ನಗುವಿಗೆ ಸರ್ಕಾರಿ ಮೊಹರು ಇರುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ಪ್ರಶ್ನೆ ಸಣ್ಣದು. ಬರ ಇರೋದು ಆಕಾಶದಲ್ಲೋ ಮಣ್ಣಿನಲ್ಲೋ?

ಆ ಗೆಳೆಯನಿಗೆ ನಾನು ತಿರುಗಿ ಕೇಳಿದೆ. ‘ನಿಮ್ಮ ಹಿಂಗಾರಿ ಬಿಳಿಜೋಳಕ್ಕೆ ಬಿತ್ತಿದ ಮೇಲೆ ಎಷ್ಟು ಮಳೆ ಬೇಕು?’ ‘ಮಳಿ ಯಾಕ ಬೇಕು, ಎರಿ ಭೂಮಿ ಹಸಿ ಹಿಡಿದಿರ್ತದ, ಚಳಿಗೇ ಬೆಳೀತದ’ ಅಂದ. ಹೇಳಿದವನೇ ಸುಮ್ಮನಾದ. ಅವನ ಎರೆಮಣ್ಣು ಸೆಪ್ಟೆಂಬರಿನ ಮಳೆಯನ್ನು ಸಂಕ್ರಾಂತಿಯವರೆಗೆ ಒಡಲಲ್ಲಿ ಇಟ್ಟುಕೊಂಡು ಒಂದು ಬೆಳೆಯನ್ನೇ ಸಾಕುತ್ತದೆ. ನಮ್ಮ ಮುರಕಲ್ಲಿನ ಗುಡ್ಡೆ ನಾಲ್ಕು ಸಾವಿರ ಮಿಲಿಮೀಟರ್ ಕುಡಿದೂ ಮಾರ್ಚಿಯಲ್ಲಿ ಒಂದು ಹರಿವೆ ಗಿಡ ಸಾಕಲಾರದು. ಮಳೆ ಎಷ್ಟು ಬಿತ್ತು ಅನ್ನೋದು ಒಂದು ಲೆಕ್ಕ. ಮಣ್ಣು ಎಷ್ಟನ್ನು ಹಿಡಿದಿಟ್ಟಿತು ಅನ್ನೋದು ಬೇರೆಯೇ ಲೆಕ್ಕ. ನಮ್ಮನ್ನು ಅಳೆಯುವವರು ಮೊದಲನೆಯದನ್ನು ಮಾತ್ರ ಬರೆದುಕೊಂಡು ಹೋಗುತ್ತಾರೆ.

ಮುರಕಲ್ಲು ಅಂದರೆ ಬಯಲುಸೀಮೆಯ ಗೆಳೆಯರಿಗೆ ಗೊತ್ತಾಗಲಿಕ್ಕಿಲ್ಲ. ನೆಲದೊಳಗೆ ಇರುವಾಗ ಕತ್ತಿಯಲ್ಲಿ ಕೊಯ್ಯುವಷ್ಟು ಮೆತ್ತಗೆ, ಬಿಸಿಲು ಗಾಳಿ ತಾಗಿದರೆ ಕಲ್ಲು. ಮೈತುಂಬ ತೂತು. ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುತ್ತಾರೆ. ಈ ಸೀಮೆಯಲ್ಲೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದಕ್ಕೆ ‘ಲ್ಯಾಟರೈಟ್’ ಅಂತ ಹೆಸರಿಟ್ಟ. ಈ ಕಲ್ಲಿನ ಗುಣವೇ ನೀರನ್ನು ಬೇಗ ಕುಡಿದು ಬೇಗ ಬಿಡುವುದು. ಗುಡ್ಡೆಯ ತಲೆಯಲ್ಲಿ ಬಿದ್ದ ನೀರು ಒಳಗೊಳಗೇ ಇಳಿದು ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಘಟ್ಟದಿಂದ ಕಡಲಿಗೆ ನೂರು ಕಿಲೋಮೀಟರ್ ಕೂಡ ಇಲ್ಲ. ಅದರ ಮೇಲೆ ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಉಳಿದ ಎಂಟು ತಿಂಗಳು ಮಣ್ಣು ತಾನು ಉಳಿಸಿಕೊಂಡದ್ದರಲ್ಲೇ ಬದುಕಬೇಕು.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಗದ್ದೆಗಳಿಗೆ ಅವರು ಇಟ್ಟ ಹೆಸರುಗಳೇ ಮಣ್ಣಿನ ಪಸೆಯ ಅಳತೆಗೋಲು. ಎತ್ತರದ್ದು ಬೆಟ್ಟು, ಮಳೆಗಾಲದ ಏಣೆಲು ಒಂದೇ ಬೆಳೆ. ನಡುವಿನದು ಮಜಲು, ಏಣೆಲು ಕೊಯ್ದ ಮೇಲೆ ಸುಗ್ಗಿಯೂ ಆಗುತ್ತದೆ. ತಗ್ಗಿನದು ಬೈಲು, ಅಲ್ಲಿ ಬೇಸಿಗೆಯ ಕೊಳಕೆಯೂ ಸೇರಿ ಮೂರು ಬೆಳೆ. ಅಂದರೆ ಯಾವ ಗದ್ದೆ ಎಷ್ಟು ತಿಂಗಳು ಪಸೆ ಹಿಡಿದಿರುತ್ತದೆ ಅನ್ನೋದು ಊರಿನ ಹೆಂಗಸರು ಮಕ್ಕಳಿಗೆಲ್ಲ ಬಾಯಿಪಾಠ. ನಾಟಿ ಮಾಡಿದವರು, ಕೊಯ್ದವರು ಅವರೇ ತಾನೆ?

ಈ ಅಳತೆಗೋಲನ್ನೇ ಹಿಡಿದು ನಿಮ್ಮೂರ ಹಿರಿಯರನ್ನು ಕೇಳಿ: ಬೈಲಿನಲ್ಲಿ ಕೊಳಕೆ ಬೆಳೆದದ್ದು ಕೊನೆಗೆ ಯಾವ ವರ್ಷ? ಮಜಲಿನಲ್ಲಿ ಸುಗ್ಗಿ ನಿಂತದ್ದು ಯಾವಾಗ? ಬ್ರಿಟಿಷರ ಕಾಲದಿಂದ ಮಳೆಗೆ ಲೆಕ್ಕ ಉಂಟು, ಮಣ್ಣಿನ ಪಸೆಗೆ ಅಷ್ಟು ಹಳೆಯ ಲೆಕ್ಕ ಇಲ್ಲ. ಇರುವ ಹಳೆಯ ದಾಖಲೆ ಅಂದರೆ ಈ ಮುದುಕ ಮುದುಕಿಯರ ನೆನಪು. ನೀರು ಸಾಲದೆ ಬಿಟ್ಟರೋ, ಕೂಲಿಗೆ ಜನ ಸಿಗದೆ ಬಿಟ್ಟರೋ, ಅಡಿಕೆಯ ರೇಟು ನೋಡಿ ಬಿಟ್ಟರೋ ಅದನ್ನೂ ಬಿಡಿಸಿ ಕೇಳಬೇಕು. ಎಲ್ಲವನ್ನೂ ಬರದ ತಲೆಗೆ ಕಟ್ಟಿದರೆ ನಾವೂ ಸುಳ್ಳು ಹೇಳಿದ ಹಾಗೆ.

ಆದರೆ ಮಣ್ಣು ಒಣಗುತ್ತಾ ಬಂದದ್ದಕ್ಕೆ ಕಾರಣ ಕಣ್ಣೆದುರೇ ಉಂಟು. ಭತ್ತದ ಗದ್ದೆ ಅಂದರೆ ಬದು ಕಟ್ಟಿದ ಒಂದು ಕೆರೆ. ತಿಂಗಳುಗಟ್ಟಲೆ ನೀರು ನಿಲ್ಲಿಸಿ ಇಂಗಿಸುತ್ತಿತ್ತು. ಅದಕ್ಕೆ ಮಣ್ಣು ತುಂಬಿ ಅಡಿಕೆ ಹಾಕಿದರು, ಸೈಟು ಮಾಡಿದರು. ಅಡಿಕೆ ತೋಟಕ್ಕೆ ನೀರು ನಿಲ್ಲಬಾರದು, ಹಾಗಾಗಿ ಮಳೆಗಾಲದಲ್ಲಿ ಚರಂಡಿ ಕಡಿದು ನೀರು ಓಡಿಸುತ್ತಾರೆ, ಬೇಸಿಗೆಯಲ್ಲಿ ಬೋರು ಹಾಕಿ ಅದೇ ನೀರನ್ನು ಪಾತಾಳದಿಂದ ಎತ್ತುತ್ತಾರೆ. ಮಳೆ ಮುಗಿದ ಮೇಲೆ ಊರೆಲ್ಲ ಸೇರಿ ತೋಡಿಗೆ ಹಾಕುತ್ತಿದ್ದ ಕಟ್ಟ ಹಲವು ಕಡೆ ನಿಂತುಹೋಯಿತು. ಗುಡ್ಡೆಯ ತಲೆಯನ್ನು ಕೆಂಪುಕಲ್ಲಿಗಾಗಿ ಕಡಿದು ಹಾಕಿದರು. (ನನ್ನ ಅಪ್ಪ ಅಂಥ ಕೋರೆಯಲ್ಲಿ ಕಲ್ಲು ಹೊತ್ತೇ ನನ್ನ ಫೀಸು ಕಟ್ಟಿದ್ದು. ಬೈಯುವಾಗ ಇದನ್ನು ಮರೆಯಬಾರದು.) ಇದರ ಮೇಲೆ ಬಿಸಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದರಿಂದ ಬಿದ್ದಾಗ ಮಳೆ ಒಮ್ಮೆಲೇ ಹೊಯ್ಯುತ್ತದೆ, ಬೀಳದಾಗ ಮಣ್ಣಿನ ಪಸೆಯನ್ನು ಗಾಳಿ ಹೆಚ್ಚು ಹೀರುತ್ತದೆ. ಎರಡೂ ಕಡೆ ನಷ್ಟ ಮಣ್ಣಿಗೇ.

2018ನ್ನು ನೆನಪಿಸಿಕೊಳ್ಳಿ. ಮೇ 29ರ ಒಂದೇ ದಿನದ ಮಳೆಗೆ ಮಂಗಳೂರು ಪಟ್ಟಣ ನೀರಲ್ಲಿ ನಿಂತಿತು. ಆಗಸ್ಟಿನಲ್ಲಿ ಕೊಡಗು ಕುಸಿಯಿತು, ಕೇರಳ ಮುಳುಗಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮೇ ತಿಂಗಳಲ್ಲಿ, ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಅದೇ ಮಂಗಳೂರಿಗೆ ಸರದಿ ಮೇಲೆ ನೀರು ಬಿಡಬೇಕಾಯಿತು. ಪಟ್ಟಣದ ನಲ್ಲಿ ನಿಂತರೆ ಪೇಪರಿನ ಮುಖಪುಟ. ಗುಡ್ಡೆಯ ಮೇಲಿನ ಕಾಲೊನಿಯಲ್ಲಿ ಎಷ್ಟೋ ಬೇಸಿಗೆಗಳಿಂದ ನಿಂತದ್ದು ಯಾವ ಪುಟದಲ್ಲೂ ಇಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೆಟ್ಟು, ಮಜಲು, ಬೈಲು ಅನ್ನೋದು ಮಣ್ಣಿನ ಮೆಟ್ಟಿಲು ಮಾತ್ರವಾ? ಬೈಲು ಯಾರ ಕೈಯಲ್ಲಿತ್ತು, ಗುಡ್ಡೆಯ ಮೇಲೆ ಯಾರ ಗುಡಿಸಲಿತ್ತು? 1974ರ ಭೂಸುಧಾರಣೆ ಕಾಯ್ದೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಅದು ದೊಡ್ಡ ಕೆಲಸ, ಇಲ್ಲ ಅನ್ನೋದಿಲ್ಲ. ಆದರೆ ಗೇಣಿ ಚೀಟಿಯೂ ಇಲ್ಲದೆ ಬೈಲಿನಲ್ಲಿ ಕೂಲಿ ಮಾಡಿದವರಿಗೆ? ಅವರಿಗೆ ಬಂದದ್ದು ಬಹುಪಾಲು ಐದು ಸೆಂಟ್ಸ್, ಅದೂ ಯಾರಿಗೂ ಬೇಡವಾದ ಪದವಿನಲ್ಲಿ. ದಲಿತರಿಗೆಂದು ಬ್ರಿಟಿಷರ ಕಾಲದಲ್ಲೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಎಷ್ಟು ಉಳಿದಿದೆ, ಎಷ್ಟು ಒತ್ತುವರಿಯಾಗಿದೆ ಅನ್ನುವ ಜಗಳ ಎರಡು ಜಿಲ್ಲೆಯಲ್ಲೂ ನಡೆಯುತ್ತಲೇ ಬಂದಿದೆ. ಆ ಜಗಳಕ್ಕೆ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಉಳಿದದ್ದು ಗುಡ್ಡೆಯ ಯಾವ ಎತ್ತರದಲ್ಲಿದೆ? ಎಕರೆ ಲೆಕ್ಕ ಕೇಳಿದ್ದೇವೆ, ಪಸೆಯ ಲೆಕ್ಕ ಕೇಳಿಲ್ಲ.

ಕೆಲವರು ಹೇಳುತ್ತಾರೆ, ‘ಅಮೈ ಮಹಾಲಿಂಗ ನಾಯ್ಕರನ್ನು ನೋಡಿ ಕಲಿಯಿರಿ’ ಅಂತ. ನಿಜ, ನೋಡಬೇಕಾದ ಮನುಷ್ಯ. ಅಡ್ಯನಡ್ಕದ ಹತ್ತಿರ ಕೂಲಿ ಮಾಡಿಕೊಂಡಿದ್ದವರು, ಸಿಕ್ಕಿದ ಎರಡು ಎಕರೆ ಬೋಳುಗುಡ್ಡೆಯಲ್ಲಿ ನೀರಿಗಾಗಿ ಒಬ್ಬರೇ ಅಡ್ಡ ಸುರಂಗ ಕೊರೆದರು. ಒಂದಲ್ಲ, ಐದು ಸುರಂಗ ಒಣಗಿದ್ದು. ಆರನೆಯದರಲ್ಲಿ ನೀರು ಬಂತು. ಪಂಪು ಬೇಡ, ಕರೆಂಟು ಬೇಡ, ಮುರಕಲ್ಲಿನೊಳಗಿನ ನೀರು ತಾನಾಗಿ ಹರಿದು ಬರುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾನೂ ಚಪ್ಪಾಳೆ ತಟ್ಟಿದೆ. ಅವರಿಗೆ ಭೂಮಿ ಕೊಟ್ಟವರ ಮೇಲೆ ನನ್ನ ತಕರಾರಿಲ್ಲ, ಕೊಡದವರೇ ಹೆಚ್ಚಿರುವ ಲೋಕ ಇದು. ಆದರೆ ಒಬ್ಬ ಕೂಲಿಕಾರ ವರ್ಷಗಟ್ಟಲೆ ಹಗಲು ಕೂಲಿ ಮಾಡಿ ಉಳಿದ ಹೊತ್ತಿನಲ್ಲಿ ಗುಡ್ಡೆ ಕೊರೆದರೆ ಮಾತ್ರ ನೀರು ಅನ್ನೋದಾದರೆ, ಅದು ಅವರ ದೊಡ್ಡತನ ಸರಿ, ಸರ್ಕಾರಕ್ಕೆ ಯಾವ ಬಾಯಿಯಲ್ಲಿ ಅದರ ಹೊಗಳಿಕೆ?

ಮಣ್ಣನ್ನು ಅಳೆಯುವ ಮನಸ್ಸು ಮಾಡಿದರೆ ದಾರಿ ಇಲ್ಲದೆ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ಬರ ಕೈಪಿಡಿಯಲ್ಲಿ ಮಳೆಯ ಜೊತೆಗೆ ಬೆಳೆ, ನೀರಿನ ಮಟ್ಟ, ಮಣ್ಣಿನ ತೇವಾಂಶವನ್ನೂ ನೋಡಬೇಕು ಅಂತ ಉಂಟು. ಆದರೆ ಮೊದಲ ಬಾಗಿಲು ಮಳೆಯದ್ದೇ. ಅಲ್ಲಿ ಪಾಸಾದ ಮೇಲೇ ಉಳಿದದ್ದು. ಮಳೆ ಚೆನ್ನಾಗಿ ಬಂದ ವರ್ಷವೂ ಬೇಸಿಗೆಗೆ ಒಣಗುವ ನಮ್ಮಂಥ ನೆಲ ಆ ಬಾಗಿಲಲ್ಲೇ ಫೇಲು. ಉಪಗ್ರಹ ಅಳೆಯುತ್ತದಲ್ಲ ಅಂದರೆ, ಅಮೆರಿಕದವರು 2015ರಲ್ಲಿ ಹಾರಿಸಿದ ಸ್ಮ್ಯಾಪ್ ಉಪಗ್ರಹ ನೋಡೋದು ಮೇಲಿನ ಐದು ಸೆಂಟಿಮೀಟರ್ ಮಣ್ಣನ್ನು. ಅದರ ಒಂದು ನೋಟಕ್ಕೆ ಸುಮಾರು ನಲವತ್ತು ಕಿಲೋಮೀಟರ್ ಅಗಲ. ಕಡಲಿಂದ ಘಟ್ಟದವರೆಗಿನ ನಮ್ಮ ಇಡೀ ನಾಡು ಅದರ ಕಣ್ಣಿಗೆ ಎರಡು ಚೌಕ. ಒಂದರಲ್ಲಿ ಕಡಲಿನ ನೀರು ಬೆರೆತಿರುತ್ತದೆ, ಇನ್ನೊಂದರಲ್ಲಿ ದಟ್ಟ ಕಾಡು ಅಡ್ಡ. ಧಣಿಯ ಬೈಲೂ ನಮ್ಮ ಗುಡ್ಡೆಯೂ ಒಂದೇ ಚೌಕದಲ್ಲಿ ಸೇರಿ ಸರಾಸರಿಯಾಗಿಬಿಡುತ್ತವೆ. ಸರಾಸರಿ ಅನ್ನೋದು ಯಾವತ್ತೂ ಬಡವನ ಪರ ಸಾಕ್ಷಿ ಹೇಳಿದ್ದಿಲ್ಲ.

2023ರಲ್ಲಿ ಮಳೆಯೇ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು, ಕರಾವಳಿಯ ತಾಲೂಕುಗಳೂ ಅದರಲ್ಲಿ ಬಂದವು. ಆಗ ಪರಿಹಾರ ಲೆಕ್ಕ ಹಾಕಿದ್ದು ಹೇಗೆ? ಬೆಳೆ ನೂರಕ್ಕೆ ಮೂವತ್ತಮೂರು ಹಾಳಾಗಿರಬೇಕು, ಹೆಕ್ಟೇರಿಗೆ ಇಷ್ಟು, ಎರಡು ಹೆಕ್ಟೇರಿನವರೆಗೆ. ಪಹಣಿ ಇದ್ದವನಿಗೆ ಬೆಳೆನಷ್ಟ. ಐದು ಸೆಂಟ್ಸಿನವನಿಗೆ? ಅವನ ನಷ್ಟ ನಾಲ್ಕು ಬಸಳೆ ಬಳ್ಳಿ, ಎರಡು ತೆಂಗಿನ ಸಸಿ, ಕೆಲಸ ಇಲ್ಲದ ದಿನಗಳು, ಅಮ್ಮಂದಿರ ಸೊಂಟ. ಗಂಗಾ ಕಲ್ಯಾಣದ ಬೋರು ಕೇಳೋದಕ್ಕೂ ಪಹಣಿಯೇ ಬೇಕು.

ಆದ್ದರಿಂದ ಹಾಸ್ಟೆಲ್ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮಲ್ಲಿ ಬಿ.ಎಸ್ಸಿ. ಓದುವವರಿದ್ದಾರೆ. ದಸರಾ ರಜೆಗೆ ಊರಿಗೆ ಹೋದಾಗ ಶುರುಮಾಡಿ, ತಿಂಗಳಿಗೊಮ್ಮೆ ಮೇ ತನಕ ಮಾಡಿ. ಗುಡ್ಡೆಯ ಕಾಲೊನಿಯಲ್ಲಿ ಒಂದು ಜಾಗ, ಬೈಲಿನಲ್ಲಿ ಒಂದು ಜಾಗ. ಮೊಣಕೈಯುದ್ದ ಅಗೆದು ಒಂದು ಹಿಡಿ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ತನ್ನಿ. ಕಾಲೇಜಿನ ಲ್ಯಾಬಿನಲ್ಲಿ ತೂಗಿ, 105 ಡಿಗ್ರಿ ಓವನ್ನಿನಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ, ಮತ್ತೆ ತೂಗಿ. ಕಡಿಮೆಯಾದ ತೂಕವೇ ನೀರು. ಒಣಮಣ್ಣಿನ ತೂಕದಿಂದ ಅದನ್ನು ಭಾಗಿಸಿ ನೂರರಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ಅದೇ ದಿನ ಎರಡೂ ಕಡೆಯ ಬಾವಿಗೆ ಹಗ್ಗ ಇಳಿಸಿ ನೀರು ಎಷ್ಟು ಅಡಿಯಲ್ಲಿದೆ ಬರೆದುಕೊಳ್ಳಿ. ನೀರು ಹೊರುವವರನ್ನು ಎಷ್ಟು ಕೊಡ, ಎಷ್ಟು ದೂರ ಅಂತ ಕೇಳಿ, ಅದೂ ಅದೇ ಪುಸ್ತಕದಲ್ಲಿರಲಿ. ಒಂದು ವರ್ಷದ್ದು ಸಾಲದು, ನಾವು ಪಾಸಾಗಿ ಹೋದ ಮೇಲೆ ಜೂನಿಯರುಗಳಿಗೆ ಪುಸ್ತಕ ದಾಟಿಸಬೇಕು. ಹತ್ತು ವರ್ಷದ ಪುಸ್ತಕ ಮೇಜಿನ ಮೇಲೆ ಇಟ್ಟರೆ ಯಾವ ತಹಸೀಲ್ದಾರನೂ ಮಳೆಮಾಪಕ ತೋರಿಸಿ ನಗಲಾರ.

ನಾವಿಬ್ಬರು ಶುರುಮಾಡಿದ್ದೇವೆ. ಬಿಜಾಪುರದವನು ಈ ಸಲ ಊರಿಂದ ಬರುವಾಗ ಜೋಳದ ರೊಟ್ಟಿಯ ಗಂಟಿನ ಜೊತೆ ಎರೆಮಣ್ಣಿನ ಗಂಟೂ ತಂದ. ನನ್ನ ಗುಡ್ಡೆಯ ಮಣ್ಣು ಪಕ್ಕದಲ್ಲಿಟ್ಟು ತೂಗಿದೆವು. ಅವನೇ ಎರಡು ಸಲ ತೂಗಿಸಿದ, ತಕ್ಕಡಿ ತಪ್ಪಿರಬೇಕು ಅಂತ. ತಪ್ಪಿರಲಿಲ್ಲ.